ಆರ್‌ಸಿಸಿಬಿ ತಪ್ಪಿಸಿ ‘ಡೈರೆಕ್ಟ್’ ಕೊಡುವವರಿಂದ ದೂರವಿರಿ

ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿ ಮನೆಮನೆಯಲ್ಲೂ ಕೂಲರ್ ಓಡುತ್ತಿರುವ ದಿನಗಳಿವು. ಆದ್ದರಿಂದಲೇ ಇದನ್ನು ತಡಮಾಡದೆ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಕರೆಂಟು ಪದೇ ಪದೇ ಟ್ರಿಪ್ ಆಗುತ್ತಿದ್ದು, ಅದನ್ನು ನೋಡಲು ಬಂದವನು ಡೈರೆಕ್ಟ್ (ಕರೆಂಟು ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿಯನ್ನು ಬಿಟ್ಟು ನೇರ ಸಂಪರ್ಕ) ಕೊಟ್ಟುಬಿಡುತ್ತೇನೆ ಎಂದರೆ, ಅಥವಾ ಹಾಗೆ ಹೇಳದೆಯೇ ಮಾಡಿ ಹೋದರೆ, ಆತ ನಿಮ್ಮ ಮನೆಯವರ ಪ್ರಾಣದ ಜೊತೆ ಆಟವಾಡಿದ್ದಾನೆ ಎಂದೇ ತಿಳಿಯಿರಿ. ನಮ್ಮ ಮನೆಯಲ್ಲಿ ಆದದ್ದು ಇದೇ.

ನಮ್ಮದು ತಗಡಿನ ಮೈಯ ಕೂಲರ್. ಬರೀ ಫ್ಯಾನ್ ಹಾಕಿದರೆ ಏನೂ ತೊಂದರೆಯಿರಲಿಲ್ಲ. ನೀರಿನ ಪಂಪಿನ ಸ್ವಿಚ್ ಒತ್ತಿದ ಕೂಡಲೇ ಬೋರ್ಡಿನಲ್ಲಿದ್ದ ಆರ್‌ಸಿಸಿಬಿ, ಅಂದರೆ ಹಲವರು ಇಂದಿಗೂ ಇಎಲ್‌ಸಿಬಿ ಎಂದು ಕರೆಯುವ ಆ ದೊಡ್ಡ ಸ್ವಿಚ್, ಟಪ್ಪನೆ ಕೆಳಗೆ ಬಿದ್ದು ಇಡೀ ಮನೆ ಕತ್ತಲಾಗುತ್ತಿತ್ತು. ನಗರದ ಒಂದು ಎಲೆಕ್ಟ್ರಿಕಲ್ ಅಂಗಡಿಯವರು ಕೊಟ್ಟ ನಂಬರಿಗೆ ಫೋನ್ ಮಾಡಿ ಒಬ್ಬನನ್ನು ಕರೆಸಿ, ಪಂಪ್ ಹಾಕಿದಾಗ ಮಾತ್ರ ಹೀಗಾಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆವು. ಆತ ಕೂಲರ್‌ನ ಹತ್ತಿರ ಹೋಗಲೂ ಇಲ್ಲ. ಬೋರ್ಡ್ ನೋಡಿ, “ಇದು ವೀಕ್ ಆಗ್ಯಾದ್ರಿ, ಹೊಸದು ಹಾಕಬೇಕಾಗ್ತದ” ಎಂದ. ಹೊಸ ಆರ್‌ಸಿಸಿಬಿಗೆ 2,400 ರೂಪಾಯಿ, ಮಜೂರಿ ಸೇರಿ ಒಟ್ಟು 3,800 ರೂಪಾಯಿ ಪಡೆದ. ಹೋಗುವಾಗ, “ಇನ್ನ ಟ್ರಿಪ್ ಆಗಂಗಿಲ್ಲ, ಗ್ಯಾರಂಟಿ” ಎಂದು ಎದೆ ತಟ್ಟಿ ಹೇಳಿದ.

ನಿಜಕ್ಕೂ ಆಗಲಿಲ್ಲ. ಹೇಗೆ ಆದೀತು? ಟ್ರಿಪ್ ಆಗುವ ವಸ್ತುವನ್ನೇ ಕರೆಂಟಿನ ದಾರಿಯಿಂದ ತಪ್ಪಿಸಿದ್ದನಲ್ಲ!

ಒಂದು ಮಧ್ಯಾಹ್ನ ಅವ್ವ ಬರಿಗಾಲಲ್ಲಿ ನಿಂತು ಕೊಡದಿಂದ ಕೂಲರಿಗೆ ನೀರು ಹಾಕುತ್ತಿದ್ದರು. ಒದ್ದೆಯ ಕೈ ಕೂಲರ್‌ನ ಮೈಗೆ ತಾಗಿದ್ದೇ ತಡ, ಶಾಕ್ ಹೊಡೆದು ಹಿಂದಕ್ಕೆ ಬಿದ್ದರು. ದೇವರ ದಯೆ, ಕೈ ಅಂಟಿಕೊಳ್ಳಲಿಲ್ಲ. ಮೊಣಕೈಗೆ ಪೆಟ್ಟಾಯಿತು, ಬೆರಳುಗಳ ಜೋಮು ರಾತ್ರಿಯವರೆಗೂ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಹೃದಯದ ಪರೀಕ್ಷೆ ಮಾಡಿ ಏನೂ ಆಗಿಲ್ಲ ಎಂದು ಹೇಳುವವರೆಗೆ ನಮ್ಮ ಜೀವ ನಮ್ಮಲ್ಲಿರಲಿಲ್ಲ.

ಬಳಿಕ ಪರಿಚಯದವರೊಬ್ಬರ ಮೂಲಕ ಪರವಾನಗಿ ಇರುವ ವೈರ್‌ಮನ್ ಒಬ್ಬರು ಬಂದರು. ಅವರು ಮೊದಲು ಮಾಡಿದ ಕೆಲಸ ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿ ಒತ್ತಿದ್ದು. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದರು, ಆಗಲೂ ಇಲ್ಲ. ಮೇನ್ ಬಂದ್ ಮಾಡಿ, ಮುಚ್ಚಳದ ಸ್ಕ್ರೂ ಬಿಚ್ಚಿ ನನ್ನನ್ನು ಹತ್ತಿರ ಕರೆದು, “ನೋಡ್ರಿ ಸರ್, ಇದಕ್ಕ ವೈರೇ ಇಲ್ಲ” ಎಂದರು. ಒಳಬರುವ ವೈರುಗಳನ್ನೂ ಹೊರಹೋಗುವ ವೈರುಗಳನ್ನೂ ನೇರವಾಗಿ ಒಂದಕ್ಕೊಂದು ತಿರುಚಿ, ಕಪ್ಪು ಟೇಪ್ ಸುತ್ತಿ, ಹಿಂದಕ್ಕೆ ತುರುಕಲಾಗಿತ್ತು. ಆರ್‌ಸಿಸಿಬಿ ಖಾಲಿ ಡಬ್ಬಿಯಾಗಿ, ಕಡ್ಡಿ ಮೇಲಕ್ಕೆತ್ತಿಕೊಂಡು, ಆನ್ ಇದ್ದಂತೆ ಕಾಣುತ್ತಾ ಕುಳಿತಿತ್ತು. ಅದರ ಮೂಲೆಯಲ್ಲಿ, ಮನೆಗೆ ಬಣ್ಣ ಹೊಡೆಸಿದಾಗ ಸಿಡಿದ ನೀಲಿ ಬಣ್ಣದ ಹನಿ ಹಾಗೇ ಇತ್ತು. ಅದು ನಮ್ಮ ಹಳೆಯ ಆರ್‌ಸಿಸಿಬಿಯೇ! 2,400 ರೂಪಾಯಿ ಎಣಿಸಿಕೊಂಡದ್ದು ಯಾವುದಕ್ಕೆ? ಆ ನೀಲಿ ಹನಿಯನ್ನು ನೋಡುತ್ತಾ ನಿಂತಾಗ ಆದ ಅವಮಾನವನ್ನು ಹೇಗೆ ಹೇಳಲಿ? ಮನೆಯೊಳಗೆ ಕರೆದು, ಕೂಡಿಸಿ, ಚಹಾ ಕೊಟ್ಟು ಕಳಿಸಿದ ಮನುಷ್ಯ ಮಾಡಿದ ಕೆಲಸ ಅದು.

ಆರ್‌ಸಿಸಿಬಿಗೆ ಏನೂ ಆಗಿರಲಿಲ್ಲ ಎಂದು ಆ ವೈರ್‌ಮನ್ ತೋರಿಸಿಕೊಟ್ಟರು. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸವಾದರೆ ಸಾಕು, ಎಲ್ಲೋ ಸೋರುತ್ತಿದೆ ಎಂದು ತಿಳಿದು ಅದು ಕಣ್ಣು ಮಿಟುಕಿಸುವುದರೊಳಗೆ ಕೆಳಗೆ ಬೀಳುತ್ತದೆ. ಸೋರುತ್ತಿದ್ದದ್ದು ಕೂಲರ್‌ನ ಪಂಪಿನಲ್ಲಿ. ಬೋರಿನ ಉಪ್ಪು ನೀರಿನಲ್ಲಿ ಬೆಳ್ಳಗೆ ಪದರುಗಟ್ಟಿದ್ದ ಅದರ ವೈರಿನ ಬುಡ ಒಡೆದಿತ್ತು. ಬೋರ್ಡಿನ ಸಣ್ಣ ಸ್ವಿಚ್ಚಾದ 16 ಆಂಪಿಯರ್‌ನ ಎಂಸಿಬಿಗೆ ಇಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ, ಅದು ಇರುವುದು ವೈರು ಕಾದು ಸುಡದಂತೆ ಕಾಯುವುದಕ್ಕೆ. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಅದರ ಮೇಲೆ ಬೇಸಿಗೆಯಲ್ಲಿ ಅಂಗಳದ ಅರ್ಥಿಂಗ್ ಗುಂಡಿಯೂ ಒಣಗಿ ಹೋಗಿದ್ದರಿಂದ, ಸೋರಿದ ಕರೆಂಟು ನೆಲಕ್ಕೆ ಸರಾಗವಾಗಿ ಇಳಿಯದೆ ಕೂಲರ್‌ನ ತಗಡಿನಲ್ಲೇ ಉಳಿದಿತ್ತು. ಅವರು ಹೊಸ ಪಂಪ್ ಹಾಕಿ, ಗುಂಡಿಗೆ ಉಪ್ಪು, ಇದ್ದಿಲು, ನೀರು ಹಾಕಿ, ಹಳೆಯ ಆರ್‌ಸಿಸಿಬಿಗೇ ವೈರು ಕೊಟ್ಟರು. ಈಗ ಕೂಲರ್ ಓಡುತ್ತಿದೆ, ಟ್ರಿಪ್ ಇಲ್ಲ. ಪಂಪಿನ ಬೆಲೆ 350 ರೂಪಾಯಿ!

ಮೊದಲಿನವನಿಗೆ ಫೋನ್ ಮಾಡಿ ಕೇಳಿದರೆ ಆತ ಕೊಟ್ಟ ಉತ್ತರ: “ಟ್ರಿಪ್ ಆಗಬಾರ್ದು ಅಂತ ನೀವೇ ಅಂದ್ರಿ, ಆಗಲಾರ್ದಂಗ ಮಾಡಿ ಕೊಟ್ಟೀನಿ, ಮತ್ತೇನ್ರಿ?” ಹೊಸದು ಎಲ್ಲಿ ಎಂದರೆ, “ಅದು ಅಂಗಡ್ಯಾಗ ಸಿಗಲಿಲ್ರಿ” ಎಂದ. ಹಾಗಾದರೆ ಹಣ ಯಾಕೆ ತೆಗೆದುಕೊಂಡೆ ಎಂದರೆ, “ಮಜೂರಿಯೊಳಗ ಹೋತು” ಎಂದ. ಅವ್ವನಿಗೆ ಶಾಕ್ ಹೊಡೆದದ್ದನ್ನು ಹೇಳಿದಾಗ ಆತ ಆಡಿದ ಮಾತನ್ನು ನಾನು ಮರೆಯಲಾರೆ. “ಎಷ್ಟೋ ಮನ್ಯಾಗ ಹಿಂಗ ಡೈರೆಕ್ಟ್ ಕೊಟ್ಟೀನ್ರಿ, ಯಾರೂ ಸತ್ತಿಲ್ಲ.” ಯಾರೂ ಸತ್ತಿಲ್ಲ! ಅಂದರೆ ಈ ಊರಿನ ಇನ್ನೆಷ್ಟು ಮನೆಗಳ ಬೋರ್ಡಿನಲ್ಲಿ ಇಂತಹ ಖಾಲಿ ಡಬ್ಬಿ ಕುಳಿತಿದೆಯೋ! ಅಂಗಡಿಯವರನ್ನು ಕೇಳಿದರೆ, “ಅವ ನಮ್ಮ ಅಂಗಡಿಯಾಂವ ಅಲ್ಲ, ನಾವು ಬರೇ ನಂಬರ್ ಕೊಟ್ಟೀವಿ” ಎಂದು ಕೈತೊಳೆದುಕೊಂಡರು.

ಆದ್ದರಿಂದ ನನ್ನ ಮಾತು ಇಷ್ಟು. ಆರ್‌ಸಿಸಿಬಿ ಬಿದ್ದರೆ ಮನೆಯ ಉಪಕರಣಗಳ ಪಿನ್ನುಗಳನ್ನೆಲ್ಲ ಕಿತ್ತು, ಅದನ್ನು ಮೇಲೆತ್ತಿ, ಒಂದೊಂದನ್ನೇ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ದೋಷ ಅದರಲ್ಲಿದೆ. ಎಲ್ಲವನ್ನೂ ಕಿತ್ತರೂ ಬೀಳುತ್ತಿದ್ದರೆ, ಸ್ವಿಚ್ ಬೋರ್ಡ್ ಬಿಸಿಯಾಗಿ ಸುಟ್ಟ ವಾಸನೆ ಬಂದರೆ, ನಲ್ಲಿಯಲ್ಲೋ ಕೂಲರ್‌ನಲ್ಲೋ ಸಣ್ಣಗೆ ಜುಮ್ಮೆಂದರೂ, ಮೇನ್ ಬಂದ್ ಮಾಡಿ ಬಲ್ಲವರನ್ನು ಕರೆಯಿರಿ. ದೀಪಗಳು ಒಮ್ಮೆ ಮಂಕಾಗಿ ಒಮ್ಮೆ ಕಣ್ಣು ಕುಕ್ಕುವಂತೆ ಉರಿದರೆ ನ್ಯೂಟ್ರಲ್ (ಕರೆಂಟು ಮರಳುವ ವೈರು) ಸಡಿಲಾಗಿರಬಹುದು. 230 ಇರಬೇಕಾದ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಲ್ಲದು, ಆಗಲೂ ಮೊದಲು ಮೇನ್ ಬಂದ್ ಮಾಡಿ. ಅಕ್ಕಪಕ್ಕದ ಮನೆಗಳಲ್ಲೂ ಹಾಗೇ ಇದ್ದರೆ ಅದು ವಿದ್ಯುತ್ ಪೂರೈಸುವ ಜೆಸ್ಕಾಂ ಕೆಲಸ, 1912ಕ್ಕೆ ಫೋನ್ ಮಾಡಿ. ಮನೆಗೆ ಬಂದವನ ಬಳಿ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇದೆಯೇ ಎಂದು ಕೇಳಲು ನಾಚಬೇಡಿ. ತೆಗೆದ ಹಳೆಯ ಸಾಮಾನನ್ನು ಕೈಗೆ ಕೊಡದೆ, ಬಿಲ್ ಬರೆಯದೆ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನನ್ನ 3,800 ರೂಪಾಯಿ ಇನ್ನೂ ಮರಳಿಲ್ಲ, ಆತ ಈಗ ಫೋನ್ ಎತ್ತುವುದೂ ಇಲ್ಲ. ಇತ್ತೀಚೆಗೆ ಯಾರಿಂದಲಾದರೂ ಬೋರ್ಡಿನ ಕೆಲಸ ಮಾಡಿಸಿದ್ದರೆ, ದಯವಿಟ್ಟು ಇವತ್ತೇ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ. ಅದು ಬಿದ್ದು ಮನೆಯ ಕರೆಂಟು ಹೋಗಬೇಕು. ಹೋಗದಿದ್ದರೆ ಮೇನ್ ಬಂದ್ ಮಾಡಿ, ಮುಚ್ಚಳ ಬಿಚ್ಚಿಸಿ ನೋಡುವವರೆಗೆ ಕೂಲರ್ ಮುಟ್ಟಬೇಡಿ.