ಎರಡೂ ನೀರಿಗೆ ಒಂದೇ ಬ್ಯಾಕ್ಟೀರಿಯಾ ಬಾಟಲಿ: ಉಪ್ಪುನೀರಿನ ತೊಟ್ಟಿಗೆ ಬೇಡ

ಐದರಲ್ಲಿ ಎರಡು ನಕ್ಷತ್ರ. ಸಿಹಿನೀರಿನ ಮೀನು ಸಾಕುವವರು ಇದನ್ನೇ ನಾಲ್ಕು ಅಂತ ಓದಿಕೊಳ್ಳಿ. ಸ್ವಲ್ಪ ಉದ್ದ ಬರೆದಿದ್ದೇನೆ. ಸಮುದ್ರದ ಮೀನು ಸಾಕಬೇಕು ಅಂತ ದುಡ್ಡು ಕೂಡಿಡುತ್ತಿರುವವರು ಮಾತ್ರ ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಸಮುದ್ರ ನೋಡಬೇಕೆಂದರೆ ಸಾಗರ ದಾಟಿ, ಘಟ್ಟ ಇಳಿದು ಹೊನ್ನಾವರದವರೆಗೆ ಹೋಗಬೇಕು. ಆದರೂ ಮಗಳಿಗೆ ಕಿತ್ತಳೆ ಬಣ್ಣದ ಕ್ಲೌನ್ ಮೀನೇ ಬೇಕಿತ್ತು, ನನಗೂ ಆಸೆ ಇತ್ತು. ನೂರು ಲೀಟರಿನ ತೊಟ್ಟಿ ತಂದು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಕಲಸಿದೆವು. ಮೀನು ಬಿಡುವ ಮೊದಲು ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಯಾಗಬೇಕು. ಮೀನಿನ ಮೈಯಿಂದಲೂ ಕೊಳೆತ ತಿಂಡಿಯಿಂದಲೂ ಅಮೋನಿಯಾ ಬರುತ್ತದೆ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ, ಕೊನೆಯದು ಅಷ್ಟಿಲ್ಲ. ಸಮುದ್ರದ ನೀರಿನ ಪಿಎಚ್ 8.2ರ ಹತ್ತಿರ ಇರುವುದರಿಂದ ಅಮೋನಿಯಾದ ಕಾಟ ಸಿಹಿನೀರಿಗಿಂತ ಅಲ್ಲೇ ಜಾಸ್ತಿ.

ಈ ಬಾಟಲಿ 250 ಎಂಎಲ್, ನನಗೆ 650 ರೂಪಾಯಿ ಬಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ಸಿಹಿನೀರು, ಉಪ್ಪುನೀರು ಎರಡಕ್ಕೂ ಆಗುತ್ತದೆ ಅಂತ ಇದೆ. ಕಂಪನಿಯ ಹೆಸರು ಇಲ್ಲಿ ಹಾಕುವುದಿಲ್ಲ. ಇಂಥ ಲೇಬಲ್ ಎಲ್ಲಿ ಕಂಡರೂ ಈ ಮಾತು ನೆನಪಿಗೆ ಬಂದರೆ ಸಾಕು.

ಹೇಳಿದ ಅಳತೆಯಲ್ಲೇ ಹಾಕಿದೆ. ಮೀನಿನ ಬದಲು ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂಗೆ, ತಂದೆ. ದಿನಾ ಸಂಜೆ ಸಣ್ಣ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಹನಿ ಹಾಕಿ, ಕುಲುಕಿ, ಐದು ನಿಮಿಷ ಬಿಟ್ಟು ಟ್ಯೂಬ್ ಲೈಟಿನ ಕೆಳಗೆ ಹಿಡಿದು ನೋಡುವುದು. ನನ್ನ ಕಿಟ್ಟಿನಲ್ಲಿ ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ನಿಂಬೆಹಣ್ಣಿನ ಹಳದಿ. ಹನ್ನೆರಡು ದಿನವೂ ಅದೇ ಹಸಿರು. ಮಗಳು ದಿನಾ ಶಾಲೆಯಿಂದ ಬಂದವಳೇ ಬ್ಯಾಗ್ ಇಳಿಸದೆ, ಹಳದಿ ಆಯ್ತಾ ಅಂತ ಕೇಳುತ್ತಿದ್ದಳು.

ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಮಾತಾಡಿದ ಹುಡುಗ ಒಳ್ಳೆಯವನು, ಸಮಾಧಾನವಾಗಿ ಕೇಳಿಸಿಕೊಂಡ. "ಇನ್ನೊಂದು ವಾರ ಬಿಡಿ ಸರ್, ಬ್ಯಾಕ್ಟೀರಿಯಾ ಅಲ್ವಾ, ಅಡ್ಜಸ್ಟ್ ಆಗ್ತವೆ" ಅಂದ.

ಈ ವಿಮರ್ಶೆ ಬರೆಯಲು ಆ ಮಾತೇ ಕಾರಣ. ನಿಜವಾಗಿ ಅಡ್ಜಸ್ಟ್ ಆಗ್ತವಾ ಅಂತ ನೋಡೋಣ ಅಂತ ಮೂರು ಬಕೆಟ್ ಇಟ್ಟೆ. ಒಂದೊಂದರಲ್ಲಿ ಹತ್ತು ಲೀಟರ್. ಒಂದನೆಯದರಲ್ಲಿ ಕ್ಲೋರಿನ್ ತೆಗೆದ ನಲ್ಲಿ ನೀರು. ತುಂಗೆಯ ನೀರು ಮೃದು, ಹಾಗಾಗಿ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿದೆ. ಅದಕ್ಕೆ ಈ ಬಾಟಲಿಯ ಬ್ಯಾಕ್ಟೀರಿಯಾ ಹಾಕಿದೆ. ಎರಡನೆಯದರಲ್ಲಿ 350 ಗ್ರಾಂ ಉಪ್ಪಿನ ಮಿಶ್ರಣ, ಬ್ಯಾಕ್ಟೀರಿಯಾ ಇದೇ ಬಾಟಲಿಯದು. ಮೂರನೆಯದಕ್ಕೂ ಅಷ್ಟೇ ಉಪ್ಪು, ಆದರೆ ಸಮುದ್ರದ ತೊಟ್ಟಿಗೆ ಅಂತಲೇ ಮಾಡಿದ ಬೇರೆ ಬಾಟಲಿ. ಪೇಟೆಯ ಮೀನಿನ ಅಂಗಡಿಯವರು ಅದನ್ನು ಬೆಂಗಳೂರಿನಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಇಟ್ಟು ತರಿಸಿಕೊಟ್ಟರು, 1,400 ರೂಪಾಯಿ. ಮೂರಕ್ಕೂ ಬ್ಯಾಕ್ಟೀರಿಯಾ ಅಂಟಿಕೊಂಡು ಕೂರಲು ಒಂದೇ ಅಳತೆಯ ಸೆರಾಮಿಕ್ ಬಿಲ್ಲೆ, ಒಂದೇ ಥರದ ಗಾಳಿ ಪಂಪು, 2 ಪಿಪಿಎಂ ಅಮೋನಿಯಾ. ಈ ಜೀವಿಗಳಿಗೆ ಬೆಳಕು ಆಗದ ಕಾರಣ ಮೇಲೆ ಕಪ್ಪು ಬಟ್ಟೆ. ಮಳೆಗಾಲ ನೋಡಿ, ಕರೆಂಟು ಹೋದಾಗಲೆಲ್ಲ ಬ್ಯಾಟರಿ ಪಂಪು ಹಾಕಲು ರಾತ್ರಿ ಏಳಬೇಕಾಗುತ್ತಿತ್ತು.

ಆರನೇ ದಿನ ಸಿಹಿನೀರಿನ ಬಕೆಟ್ ಹಳದಿಗೆ ಬಂತು. ಎಂಟನೇ ದಿನ ಸಮುದ್ರದ ಬಾಟಲಿಯ ಬಕೆಟ್ ಬಂತು. ಮಧ್ಯದ್ದು ಇಪ್ಪತ್ತನೇ ದಿನಕ್ಕೂ ಹಸಿರಾಗಿಯೇ ಇತ್ತು.

ಅಂದರೆ ಬಾಟಲಿ ಮೋಸದ್ದಲ್ಲ, ಅದರಲ್ಲಿ ಜೀವ ಇತ್ತು. ಆದರೆ ಆ ಜೀವ ಸಿಹಿನೀರಿನದು. ನಮ್ಮ ಗದ್ದೆಯ ಭತ್ತವನ್ನು ತೆಗೆದುಕೊಂಡು ಹೋಗಿ ಕುಮಟಾ ಕಡೆಯ ಗಜನಿಯ, ಅಂದರೆ ಸಮುದ್ರದ ನೀರು ನುಗ್ಗುವ ಗದ್ದೆಯ, ಉಪ್ಪುನೀರಿನಲ್ಲಿ ಬಿತ್ತಿ, ಭತ್ತ ತಾನೆ, ಬರುತ್ತೆ ಬಿಡಿ ಅಂದರೆ ಹೇಗೆ? ಅಲ್ಲಿಗೆ ಕಗ್ಗ ಅನ್ನುವ ಭತ್ತದ ತಳಿಯೇ ಬೇಕು. ಕಗ್ಗ ಉಪ್ಪು ತಡೆಯುವುದು ಒಂದು ವಾರ ಒದ್ದಾಡಿ ಕಲಿತದ್ದರಿಂದಲ್ಲ. ತಲೆಮಾರಿನಿಂದ ತಲೆಮಾರಿಗೆ ಆ ನೀರಿನಲ್ಲಿ ಉಳಿದದ್ದರ ಬೀಜವೇ ಮತ್ತೆ ಬೀಜವಾಗಿದ್ದರಿಂದ. ಬ್ಯಾಕ್ಟೀರಿಯಾದ ಕಥೆಯೂ ಹೀಗೇ.

ಸಿಹಿನೀರಿನ ಜೀವಕೋಶವನ್ನು ಒಮ್ಮೆಲೇ ಸಮುದ್ರದಷ್ಟು ಉಪ್ಪಿಗೆ ಹಾಕಿದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನಮಿಡಿ ಮುದುಡಿದ ಹಾಗೆ. ಸಮುದ್ರದ ಬ್ಯಾಕ್ಟೀರಿಯಾ ಇದಕ್ಕೆ ದಾರಿ ಕಂಡುಕೊಂಡಿವೆ. ಎಕ್ಟೋಯಿನ್, ಗ್ಲೈಸಿನ್ ಬೀಟೈನ್ ಅನ್ನುವಂಥ ಸಣ್ಣ ಅಣುಗಳನ್ನು ಒಳಗೆ ತುಂಬಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವನ್ನು ತಯಾರಿಸುವುದಕ್ಕೋ ಹೊರಗಿನಿಂದ ಎಳೆದುಕೊಳ್ಳುವುದಕ್ಕೋ ಬೇಕಾದ ಜೀನ್‌ಗಳು ಅವುಗಳಲ್ಲಿವೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ವಿಷಯ. ವಿಬ್ರಿಯೊ ಥರದ ಸಮುದ್ರದ ಬ್ಯಾಕ್ಟೀರಿಯಾಗಳು ಸೋಡಿಯಮ್ಮನ್ನು ಪಂಪ್ ಮಾಡಿ ಹೊರಗೆ ತಳ್ಳುತ್ತವೆ, ಅದು ವಾಪಸ್ ಒಳಗೆ ನುಗ್ಗುವ ರಭಸದಲ್ಲೇ ಈಜುವ ಬಾಲವನ್ನು ತಿರುಗಿಸುತ್ತವೆ. ಇಲ್ಲಿ ಲಿಂಗನಮಕ್ಕಿಯಲ್ಲಿ ಕಟ್ಟಿದ ನೀರು ಕೆಳಗೆ ಬೀಳುವಾಗ ಟರ್ಬೈನ್ ತಿರುಗಿಸುತ್ತದಲ್ಲ, ಹಾಗೆ. ನಮ್ಮ ಬಾಟಲಿಯದಕ್ಕೆ ಯಾವುದು ಕಂಟಕವೋ ಅದೇ ಅವುಗಳ ಇಂಧನ.

ಅಡ್ಜಸ್ಟ್ ಆಗುವ ಮಾತಿಗೆ ಮತ್ತೆ ಬರುತ್ತೇನೆ, ಅದರಲ್ಲಿ ಅರ್ಧ ನಿಜ ಇದೆ. ಉಪ್ಪನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸಿದರೆ ಕೆಲವು ಸಿಹಿನೀರಿನ ಗುಂಪುಗಳು ಒಂದು ಮಟ್ಟದವರೆಗೆ ತಡೆಯುತ್ತವೆ. ಆದರೆ ಅಲ್ಲಿ ಮೊದಲೇ ಇದ್ದ ಜೀನ್‌ಗಳು ಚುರುಕಾಗುತ್ತವೆ, ಅಥವಾ ಗುಂಪಿನಲ್ಲಿ ಮೂಲೆಯಲ್ಲಿದ್ದ ಗಟ್ಟಿಮುಟ್ಟಾದವು ಮುಂದೆ ಬರುತ್ತವೆ. ಇಲ್ಲದ ಜೀನ್ ಹುಟ್ಟಿ ನೆಲೆಯಾಗುವುದು ಬೇರೆ ವಿಷಯ, ಅದಕ್ಕೆ ತಲೆಮಾರುಗಳು ಬೇಕು. ವಿಬ್ರಿಯೊ ನ್ಯಾಟ್ರಿಜೆನ್ಸ್ ಅನ್ನುವ ಸಮುದ್ರದ ಬ್ಯಾಕ್ಟೀರಿಯಾ ಒಳ್ಳೆಯ ಊಟ ಸಿಕ್ಕರೆ ಹತ್ತು ನಿಮಿಷದೊಳಗೆ ಎರಡಾಗುತ್ತದೆ. ಅಮೋನಿಯಾ ತಿನ್ನುವವು ಅಷ್ಟು ಜೋರಲ್ಲ, ಎರಡಾಗಲು ಎಷ್ಟೋ ಗಂಟೆ, ಕೆಲವಕ್ಕೆ ಒಂದು ದಿನವೂ ಬೇಕು. ಒಂದು ವಾರ ಕಾದರೆ ಎಷ್ಟು ತಲೆಮಾರು ಸಿಕ್ಕೀತು, ನೀವೇ ಲೆಕ್ಕ ಹಾಕಿ. ಇನ್ನು ಕೆಲವು ಬ್ಯಾಕ್ಟೀರಿಯಾ ಜೀನನ್ನೇ ಬೇರೆಯವರಿಂದ ಇಸ್ಕೊಳ್ಳುತ್ತವೆ. ಕಾಲರಾ ತರುವ ವಿಬ್ರಿಯೊ ಸಿಗಡಿ ಸಿಪ್ಪೆಯಲ್ಲಿರುವ ಕೈಟಿನ್ ಮೇಲೆ ಕೂತಾಗ ನೀರಿನಲ್ಲಿ ತೇಲುವ ಡಿಎನ್‌ಎಯನ್ನು ಒಳಗೆ ಎಳೆದುಕೊಳ್ಳುತ್ತದೆ ಅಂತ 2005ರಲ್ಲಿ ತೋರಿಸಿದರು. ಹಾಗಂತ ಬಾಟಲಿಯೊಳಗಿನ ನಮ್ಮ ಪಾಪದ ಜೀವಿಗಳಿಂದ ಅದನ್ನು ನಿರೀಕ್ಷಿಸಲಾಗದು.

ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಲ್ಲಿ ನೈಟ್ರೊಸ್ಪೈರಾ ಒಂದು ಕುಲ. ಕೆಲವು ಲೇಬಲ್‌ನಲ್ಲಿ ಸುಮ್ನೆ ಆ ಕುಲದ ಹೆಸರು ಮಾತ್ರ ಇರುತ್ತದೆ. ಅದು ಸಾಲದು. ನೈಟ್ರೊಸ್ಪೈರಾ ಮರೀನಾ ಸಮುದ್ರದಲ್ಲಿ ಸಿಕ್ಕಿದ್ದು. ನೈಟ್ರೊಸ್ಪೈರಾ ಮಾಸ್ಕೋವಿಯೆನ್ಸಿಸ್ ಸಿಕ್ಕಿದ್ದು ಮಾಸ್ಕೋದಲ್ಲಿ ಕಟ್ಟಡ ಬೆಚ್ಚಗಿಡುವ ವ್ಯವಸ್ಥೆಯ ತುಕ್ಕು ಹಿಡಿದ ಕಬ್ಬಿಣದ ಕೊಳವೆಯಲ್ಲಿ. ಒಂದೇ ಮನೆತನದ ಹೆಸರು, ಬದುಕು ಪೂರ್ತಿ ಬೇರೆ. ಕೊಳ್ಳುವಾಗ ಯಾವ ನೀರಿನಲ್ಲಿ ಬೆಳೆಸಿದ್ದು ಅಂತಲೇ ಕೇಳಿ. ಮೀನಿನ ತೊಟ್ಟಿಯನ್ನು ಹಗುರವಾಗಿ ನೋಡುವವರಿಗೆ ಒಂದು ಮಾತು: ಅಮೋನಿಯಾ ತಿಂದು ಬದುಕುವ ಆರ್ಕಿಯಾ ಅನ್ನುವ ಸೂಕ್ಷ್ಮಜೀವಿಯನ್ನು ಮೊದಲ ಸಲ ಪ್ರತ್ಯೇಕಿಸಿದ್ದು 2005ರಲ್ಲಿ. ಅದು ಸಿಕ್ಕಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಮ್ಮಿನ ತೊಟ್ಟಿಯ ಜಲ್ಲಿಯಲ್ಲಿ! ಅದು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ವಂಶದ್ದು, ಆದರೆ ಸಮುದ್ರದಲ್ಲಿ ಅದೇ ಕೆಲಸ ಮಾಡುತ್ತದೆ. ಇದನ್ನು ಓದಿದ ದಿನ ನಮ್ಮ ತೊಟ್ಟಿಯ ಜಲ್ಲಿಯನ್ನು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ಸಮುದ್ರದ ಬಾಟಲಿಯ ಬಗ್ಗೆ ಎರಡು ಮಾತು. ಬೆಲೆ ಜಾಸ್ತಿ, ವಾಸನೆ ಕೆಟ್ಟದ್ದು, ಮುಚ್ಚಳ ಸರಿಯಿಲ್ಲ. ಆದರೆ ಕೆಲಸ ಮಾಡಿತು. ದೊಡ್ಡ ತೊಟ್ಟಿಯ ನೀರನ್ನು ಅರ್ಧ ಬದಲಿಸಿ, ಮೂರನೇ ಬಕೆಟ್ಟಿನ ಬಿಲ್ಲೆಗಳನ್ನು ಅದಕ್ಕೆ ಹಾಕಿ, ಉಳಿದ ಬಾಟಲಿಯನ್ನೂ ಸುರಿದೆ. ನಾಲ್ಕನೇ ದಿನ ಅಮೋನಿಯಾ ಹೋಯಿತು, ಹದಿನಾರನೇ ದಿನ ನೈಟ್ರೈಟೂ ಹೋಯಿತು. ಈಗ ಎರಡು ಕ್ಲೌನ್ ಮೀನುಗಳಿವೆ, ಮಗಳು ದಿನಾ ಅವುಗಳ ಜೊತೆ ಮಾತಾಡುತ್ತಾಳೆ.

650 ರೂಪಾಯಿಯ ಬಾಟಲಿಯಲ್ಲಿ ಉಳಿದದ್ದು ಪಕ್ಕದ ಮನೆಯವರ ಗಪ್ಪಿ ತೊಟ್ಟಿಗೆ ಹೋಯಿತು, ಅಲ್ಲಿ ಚೆನ್ನಾಗಿದೆ. ಕಂಪನಿಗೆ ಮೂರು ಬಕೆಟ್ಟಿನ ಲೆಕ್ಕವನ್ನೂ ಫೋಟೋಗಳನ್ನೂ ಕಳಿಸಿದ್ದೇನೆ. ಲೇಬಲ್‌ನಿಂದ ಉಪ್ಪುನೀರು ಅನ್ನುವ ಪದ ತೆಗೆದ ದಿನ ಇಲ್ಲಿಗೇ ಬಂದು ಎರಡು ನಕ್ಷತ್ರವನ್ನು ನಾಲ್ಕು ಮಾಡುತ್ತೇನೆ.