ಕೆಂಪು ಎಷ್ಟಿದೆ ನೋಡು: ಒಂದೂವರೆ ವರ್ಷ ಬಳಸಿದ ಟೈಮರ್ ಬಗ್ಗೆ

ನಮಗೆ ಮೂವರು ಮಕ್ಕಳು. ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ, ನಾಲ್ಕು ವರ್ಷದ ಪುಟ್ಟಿ. ಮೂವರೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಹಗಲು ಹೊತ್ತು ಅವರ ಜೊತೆ ಇರುವವನು ನಾನು. ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಕೆಲಸ, ತಿಂಗಳಲ್ಲಿ ಅರ್ಧದಷ್ಟು ದಿನ ನೈಟ್ ಡ್ಯೂಟಿ. ಬೆಳಿಗ್ಗೆ ಬಂದು ಅವಳು ಮಲಗಿದರೆ ಮಧ್ಯಾಹ್ನದವರೆಗೆ ಮನೆಯಲ್ಲಿ ಸದ್ದು ಆಗಬಾರದು. ಪಾಠ, ಪಾತ್ರೆ, ಬಟ್ಟೆ, ಮಕ್ಕಳ ಜಗಳ, ಎಲ್ಲವೂ ಮೆಲ್ಲಗೆ ನಡೆಯಬೇಕು.

ಮನೆಯಲ್ಲೇ ಓದಿಸುವುದಕ್ಕೆ ನಾವು ಪುಸ್ತಕ ಕೊಂಡೆವು, ಬಿಳಿ ಬೋರ್ಡ್ ಕೊಂಡೆವು, ನಕಾಶೆ, ಬಣ್ಣ, ಇನ್ನೂ ಏನೇನೋ ಕೊಂಡೆವು. ಇವುಗಳಲ್ಲಿ ದಿನಕ್ಕೆ ಹತ್ತು ಸಲ ಕೈ ಹೋಗುವುದು ಒಂದೇ ಒಂದಕ್ಕೆ. ಕೆಂಪು ತಟ್ಟೆಯ ಟೈಮರ್. ಅದನ್ನು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನೋಡಲು ಸುಮಾರು ಒಂದು ಗೇಣು ಅಗಲದ ಚೌಕ ಗಡಿಯಾರದ ಹಾಗಿದೆ. ಮುಖದ ಮೇಲೆ 0ಯಿಂದ 60ರವರೆಗೆ ಅಂಕಿಗಳು, ನಡುವೆ ತಿರುಗಿಸುವ ಗುಂಡಿ. ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ಬಿಳಿ ಮುಖದ ಮೇಲೆ ಕೆಂಪು ತಟ್ಟೆ ಹರಡಿಕೊಳ್ಳುತ್ತದೆ. 20ಕ್ಕೆ ಇಟ್ಟರೆ ಮೂರರಲ್ಲಿ ಒಂದು ಪಾಲು ಕೆಂಪು. ಕೈ ಬಿಟ್ಟ ಕೂಡಲೇ ಆ ಕೆಂಪು ಕರಗಲು ಶುರುವಾಗುತ್ತದೆ, ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ. ಸೊನ್ನೆಗೆ ಬಂದಾಗ ಒಂದು ಸಣ್ಣ ಬೀಪ್. ಒಳಗೆ ಗೋಡೆ ಗಡಿಯಾರದಲ್ಲಿರುವಂಥ ಕ್ವಾರ್ಟ್ಜ್ ಯಂತ್ರ ಮತ್ತು ಒಂದು ಎಎ ಸೆಲ್, ಅಷ್ಟೇ.

ಈ ಬಗೆಯ ಟೈಮರನ್ನು 1994ರಲ್ಲಿ ಮಾಡಿದವರು ಅಮೆರಿಕದ ಜ್ಯಾನ್ ರೋಜರ್ಸ್ ಎಂಬ ತಾಯಿ. ಅವರ ನಾಲ್ಕು ವರ್ಷದ ಮಗಳು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ‘ಇನ್ನೆಷ್ಟು ಹೊತ್ತು?’ ಅದಕ್ಕೆ ಉತ್ತರವಾಗಿ ಹುಟ್ಟಿದ್ದು ‘ಟೈಮ್ ಟೈಮರ್’. ನಮ್ಮ ಮನೆಯಲ್ಲಿರುವುದು ಅವರದ್ದಲ್ಲ, ಅದೇ ಮಾದರಿಯಲ್ಲಿ ಬೇರೆಯವರು ಮಾಡಿದ್ದು. ಆದರೆ ಪ್ರಶ್ನೆ ನಮ್ಮ ಮನೆಯಲ್ಲೂ ಅದೇ ಇತ್ತು. ಪುಟ್ಟಿಗೆ ಹತ್ತು ನಿಮಿಷ ಎಂದರೂ ಒಂದೇ, ಎರಡು ಗಂಟೆ ಎಂದರೂ ಒಂದೇ. ಕೆಂಪು ಇಷ್ಟಿದೆ ಎಂದರೆ ಮಾತ್ರ ಅರ್ಥವಾಗುತ್ತದೆ. ಈಗ ಅವಳು ‘ಎಷ್ಟು ಹೊತ್ತು’ ಎಂದು ಕೇಳುವುದಿಲ್ಲ, ‘ಕೆಂಪು ಎಷ್ಟಿದೆ?’ ಎಂದು ಹೋಗಿ ತಾನೇ ನೋಡಿಕೊಂಡು ಬರುತ್ತಾಳೆ.

ಇದಕ್ಕೂ ಮೊದಲು ಬೇರೆಯವನ್ನು ಬಳಸಿ ನೋಡಿದ್ದೆವು. ಮರಳಿನ ಗಡಿಯಾರ ಚೆಂದ. ಹಲ್ಲುಜ್ಜುವುದಕ್ಕೆ ಈಗಲೂ ಅದೇ ಇದೆ. ಆದರೆ ಒಂದಕ್ಕೆ ಒಂದೇ ಅಳತೆ, ಮೂರು ನಿಮಿಷದ್ದಕ್ಕೆ ಮೂರೇ ನಿಮಿಷ. ಕೀ ಕೊಡುವ ಅಡುಗೆಮನೆ ಟೈಮರ್ ಗಟ್ಟಿಮುಟ್ಟು, ಸೆಲ್ಲೂ ಬೇಡ. ಆದರೆ ಟಿಕ್ ಟಿಕ್ ಸದ್ದು ಮುಚ್ಚಿದ ಬಾಗಿಲಾಚೆಗೂ ಕೇಳುತ್ತದೆ. ಜೊತೆಗೆ ಕಡಿಮೆ ನಿಮಿಷಕ್ಕೆ ಇಡಬೇಕಾದರೆ ಮೊದಲು ಪೂರ್ತಿ ತಿರುಗಿಸಿ ಆಮೇಲೆ ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಬಿಗಿಯಾಗುವುದಿಲ್ಲ. ಮಕ್ಕಳಿಗೆ ಇದು ನೆನಪಿರುವುದಿಲ್ಲ. ಇನ್ನು ಮೊಬೈಲ್. ಟೈಮರ್ ಇಡಲೆಂದು ಕೈಗೆ ತೆಗೆದುಕೊಂಡರೆ ಮೂರು ಮೆಸೇಜ್ ಕಾಣುತ್ತವೆ. ಮಗ ಭಾಗಾಕಾರ ಹಿಡಿದು ನನಗಾಗಿ ಕಾಯುತ್ತಿರುತ್ತಾನೆ, ನಾನು ಯಾರಿಗೋ ಉತ್ತರ ಟೈಪ್ ಮಾಡುತ್ತಿರುತ್ತೇನೆ. ಪಾಠದ ಮೇಜಿನಿಂದ ಮೊಬೈಲ್ ದೂರ ಇಡಬೇಕು ಎಂದು ನಿರ್ಧರಿಸಿದ ಮೇಲೆ ಈ ಟೈಮರ್ ಬಂತು.

ಬಂದ ಹೊಸದರಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅನೇಕರು ಇಲ್ಲೇ ಎಡವಿ ‘ನಮ್ಮ ಮಗುವಿಗೆ ಇದು ಆಗಿಬರಲಿಲ್ಲ’ ಎಂದು ಕಪಾಟಿನೊಳಗೆ ಇಟ್ಟುಬಿಡಬಹುದು.

ಮಗನಿಗೆ ಹತ್ತು ಲೆಕ್ಕ ಕೊಟ್ಟು, ಟೈಮರನ್ನು 20ಕ್ಕೆ ತಿರುಗಿಸಿ, ‘ಇದು ಮುಗಿಯುವುದರೊಳಗೆ ಮಾಡಿ ಮುಗಿಸು’ ಎಂದೆ. ಅವನು ಲೆಕ್ಕ ನೋಡಲಿಲ್ಲ, ಕೆಂಪನ್ನೇ ನೋಡುತ್ತಾ ಕೂತ. ನಾಲ್ಕನೇ ಲೆಕ್ಕಕ್ಕೆ ಬರುವ ಹೊತ್ತಿಗೆ ಕಣ್ಣಲ್ಲಿ ನೀರು. ಅವನಿಗೆ ಗೊತ್ತಿದ್ದ ಲೆಕ್ಕಗಳೇ ಅವು. ಎರಡು ದಿನ ಹೀಗೆ ಆಯಿತು. ಮೂರನೇ ದಿನ ಟೈಮರ್ ಕಂಡ ಕೂಡಲೇ ಪೆನ್ಸಿಲ್ ಕೆಳಗಿಟ್ಟ. ನನಗೆ ತುಂಬಾ ಬೇಜಾರಾಯಿತು. ಆಗಲಿ ಬಿಡಲಿ ಎಂದು ಒಂದು ವಾರ ಅದನ್ನು ಪಾಠದಿಂದ ದೂರ ಇಟ್ಟೆ.

ಆಮೇಲೆ ಮಾತು ಬದಲಿಸಿದೆ. ‘ಇದು ಇರುವಷ್ಟು ಹೊತ್ತು ಕೂತು ಮಾಡು, ಹೋದ ಮೇಲೆ ಎದ್ದುಬಿಡು. ಎಷ್ಟಾಗುತ್ತೋ ಅಷ್ಟು ಸಾಕು’ ಎಂದೆ. ಅದೇ ಟೈಮರ್, ಅದೇ 20 ನಿಮಿಷ, ಅದೇ ಪುಸ್ತಕ. ಮೊದಲ ದಿನ ಐದು ಲೆಕ್ಕ ಮಾಡಿದ. ಬೀಪ್ ಆಯಿತು. ನನ್ನ ಮುಖ ನೋಡಿದ. ನಾನು ಪುಸ್ತಕ ಮುಚ್ಚಿದೆ. ಐದು ಬಾಕಿ ಇದ್ದರೂ ಮುಚ್ಚಿದೆ. ಅವನಿಗೆ ಅವತ್ತು ನಂಬಿಕೆ ಬಂತು ಅನ್ನಿಸುತ್ತದೆ. ಒಂದು ತಿಂಗಳಲ್ಲಿ ಅದೇ 20 ನಿಮಿಷಕ್ಕೆ ಒಂಬತ್ತು ಹತ್ತು ಲೆಕ್ಕ ಆಗತೊಡಗಿದವು. ನಾನು ಅವನಿಗೆ ಬೇಗ ಮಾಡು ಎಂದು ಹೇಳಲೇ ಇಲ್ಲ.

ಹಾಗಾಗಿ ನನ್ನ ಅನುಭವದಲ್ಲಿ ಈ ಟೈಮರ್ ಇರುವುದು ನಿಲ್ಲಿಸುವುದಕ್ಕೆ, ಓಡಿಸುವುದಕ್ಕಲ್ಲ. ಆದರೆ ಅದಕ್ಕೆ ದೊಡ್ಡವರೂ ಒಪ್ಪಬೇಕು. ಬೀಪ್ ಆದ ಮೇಲೆ ‘ಇನ್ನೊಂದೇ ಒಂದು ಲೆಕ್ಕ’ ಎಂದರೆ ಮುಗಿಯಿತು, ಮಾರನೇ ದಿನದಿಂದ ಮಗು ಅದನ್ನು ನಂಬುವುದಿಲ್ಲ. ಶಾರ್ಲೆಟ್ ಮೇಸನ್ (1842–1923) ಎಂಬ ಇಂಗ್ಲಿಷ್ ಶಿಕ್ಷಕಿಯ ಹೆಸರು ಮನೆಯಲ್ಲಿ ಓದಿಸುವ ಅನೇಕರಿಗೆ ಗೊತ್ತಿರುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಒಂದು ಪಾಠ 20 ನಿಮಿಷ ದಾಟುವುದು ಬೇಡ ಎಂದು ಅವರು ಅಂದೇ ಬರೆದಿದ್ದರು. ಓದಿದಾಗ ಹೌದು ಹೌದು ಅನ್ನಿಸಿತ್ತು. ಆದರೆ ದಿನಾ ಪಾಠದಲ್ಲಿ 20ನ್ನು 35 ಮಾಡುತ್ತಿದ್ದವನು ನಾನೇ. ಕೆಂಪು ಕಣ್ಣೆದುರಿಗೆ ಇದ್ದಾಗ ಅದು ಗೊತ್ತಾಯಿತು.

ಮಗಳದು ಬೇರೆ ದಾರಿ. ಅವಳಿಗೆ ತನ್ನ ಕೆಲಸವನ್ನು ತಾನೇ ಹಂಚಿಕೊಳ್ಳುವ ವಯಸ್ಸು. ಟೊಮೇಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದ, 25 ನಿಮಿಷ ಓದು, 5 ನಿಮಿಷ ಬಿಡುವು. ಪೊಮೊಡೊರೊ ಎನ್ನುತ್ತಾರೆ, ಇಟಾಲಿಯನ್ ಭಾಷೆಯಲ್ಲಿ ಟೊಮೇಟೊ ಎಂದೇ ಅರ್ಥ. ವಿಜ್ಞಾನ ಓದುವಾಗ ಮಗಳಿಗೆ ಅದು ಹಿಡಿಸಿದೆ. ಕಥೆ ಪುಸ್ತಕಕ್ಕೆ ಮಾತ್ರ ಟೈಮರ್ ಬೇಡ ಎಂದು ಅವಳೇ ಹೇಳಿದಳು. ನಾನೂ ಒಪ್ಪಿದೆ. ಮುಳುಗಿ ಓದುತ್ತಿರುವ ಮಗುವಿನ ಎದುರು ಬೀಪ್ ಆಗುವುದು ನನಗೂ ಇಷ್ಟವಿಲ್ಲ. ಚಿತ್ರ ಬರೆಯುವಾಗ, ಆಡುವಾಗಲೂ ಅಷ್ಟೇ.

ಮನೆಕೆಲಸಕ್ಕೆ ಇದು ಪಾಠಕ್ಕಿಂತ ಜಾಸ್ತಿ ಹೊಂದುತ್ತದೆ. ದಿನಕ್ಕೆರಡು ಸಲ 15 ನಿಮಿಷ ಎಲ್ಲರೂ ಸೇರಿ ಎತ್ತಿಡುವುದು, ಒರೆಸುವುದು, ಬಟ್ಟೆ ಮಡಚುವುದು. ‘ನಾನು ಜಾಸ್ತಿ ಮಾಡಿದೆ, ಅವನು ಕಡಿಮೆ ಮಾಡಿದ’ ಎಂಬ ಜಗಳ ಪೂರ್ತಿ ನಿಂತಿಲ್ಲ, ಆದರೆ ತುಂಬಾ ಕಡಿಮೆಯಾಗಿದೆ. ಕೆಲಸ ಕೊನೆಯೇ ಇಲ್ಲದ ಹಾಗೆ ಕಾಣುವುದಿಲ್ಲ ಅಲ್ವಾ, ಅದಕ್ಕೆ ಇರಬೇಕು. ನನಗೂ ದಿನಕ್ಕೊಂದು ಕೆಂಪು ಇದೆ. 30 ನಿಮಿಷ ನಾನು ಮನೆಯ ಲೆಕ್ಕ ಬರೆಯಲು, ಮಾರನೇ ದಿನದ ಪಾಠ ನೋಡಿಕೊಳ್ಳಲು ಕೂರುತ್ತೇನೆ. ಆ ಹೊತ್ತಿನಲ್ಲಿ ಯಾರಾದರೂ ಬಂದರೆ ಮಗ ಪಿಸುಗುಡುತ್ತಾನೆ: ‘ಅಪ್ಪನ ಕೆಂಪು ಇನ್ನೂ ಇದೆ.’

ಇನ್ನು ಪುಟ್ಟಿ ಮತ್ತು ಅವಳ ಅಮ್ಮ. ಅಮ್ಮ ಆರು ಗಂಟೆ ಮಲಗಬೇಕು. ಟೈಮರ್ ತೋರಿಸುವುದು ಒಂದೇ ಗಂಟೆ. ಇದು ಈ ವಸ್ತುವಿನ ದೊಡ್ಡ ಮಿತಿ. ಮಗಳು ಒಂದು ಉಪಾಯ ಹುಡುಕಿದಳು. ಆರು ಮರದ ತುಂಡುಗಳನ್ನು ಟೈಮರ್ ಪಕ್ಕ ಸಾಲಾಗಿ ಇಡುತ್ತೇವೆ. ಒಂದು ಕೆಂಪು ಮುಗಿದರೆ ಪುಟ್ಟಿ ಒಂದು ತುಂಡನ್ನು ಡಬ್ಬಿಗೆ ಹಾಕುತ್ತಾಳೆ, ನಾನು ಮತ್ತೆ 60ಕ್ಕೆ ತಿರುಗಿಸುತ್ತೇನೆ. ಕೊನೆಯ ತುಂಡೂ ಡಬ್ಬಿಗೆ ಬಿದ್ದರೆ ಬಾಗಿಲು ತೆರೆಯಬಹುದು. ಮೊದಲೆಲ್ಲ ಆ ಬಾಗಿಲ ಹತ್ತಿರ ದಿನಕ್ಕೆ ನಾಲ್ಕೈದು ಸಲ ಅಳು. ಈಗ ಇಲ್ಲ.

ಒಂದು ದಿನ ಮಾತ್ರ ಅತ್ತಳು. ಕೊನೆಯ ತುಂಡು ಉಳಿದಿತ್ತು, ಕೆಂಪು ಹತ್ತು ನಿಮಿಷದಷ್ಟಿತ್ತು. ನಾನು ಬಟ್ಟೆ ಒಣಗಹಾಕಲು ಹೋದೆ. ಮಗನ ಯಾವುದೋ ಸಂದೇಹ, ಆಮೇಲೆ ಇನ್ನೇನೋ ಕೆಲಸ. ವಾಪಸ್ ಬಂದಾಗ ಅವಳು ಅಲ್ಲೇ ಕೂತಿದ್ದಳು. ‘ಕೆಂಪು ಹೋಗ್ತಾನೇ ಇಲ್ಲ ಅಪ್ಪಾ’ ಎಂದಳು. ಸೆಲ್ ಮುಗಿದು ತಟ್ಟೆ ನಿಂತುಹೋಗಿತ್ತು. ಗಡಿಯಾರ ನೋಡಿದರೆ ನಲವತ್ತು ನಿಮಿಷ ಕಳೆದಿದೆ. ಅಷ್ಟು ಹೊತ್ತು ಆ ಮಗು ಯಾರನ್ನೂ ಕರೆಯದೆ ಕಾದಿತ್ತು. ಎತ್ತಿಕೊಂಡ ಮೇಲೆ ಅಳು ಬಂತು ಅವಳಿಗೆ. ಸೆಲ್ ಮುಗಿಯುತ್ತಿದೆ ಎಂದು ತಿಳಿಸುವ ದೀಪ ಈ ಟೈಮರಿನಲ್ಲಿ ಇಲ್ಲ, ಖಂಡಿತ ಇರಬೇಕಿತ್ತು. ಈಗ ನಾಲ್ಕು ತಿಂಗಳಿಗೊಮ್ಮೆ, ಮುಗಿಯಲಿ ಮುಗಿಯದಿರಲಿ, ಸೆಲ್ ಬದಲಿಸುತ್ತೇನೆ. ಹಾಕಿದ ತಾರೀಕನ್ನು ಹಿಂಬದಿಗೆ ಅಂಟಿಸಿದ್ದೇನೆ.

ಬೇರೆ ಕೊರತೆಗಳೂ ಇವೆ. ನಿಖರತೆ ಅಷ್ಟಕ್ಕಷ್ಟೇ. ಮಗಳು ಸ್ಟಾಪ್‌ವಾಚ್ ಹಿಡಿದು ಪರೀಕ್ಷೆ ಮಾಡಿದಳು. 60ಕ್ಕೆ ಇಟ್ಟರೆ 40 ಸೆಕೆಂಡ್ ಹೆಚ್ಚು, ಅದು ಪರವಾಗಿಲ್ಲ. ಆದರೆ 5ಕ್ಕೆ ಇಟ್ಟಾಗ ಒಂದು ಸಲ ನಾಲ್ಕೂಕಾಲು ನಿಮಿಷ, ಇನ್ನೊಂದು ಸಲ ಆರು ನಿಮಿಷ. ಯಾಕೆ ಎಂದು ಅವಳೇ ಲೆಕ್ಕ ಹಾಕಿದಳು: ಪೂರ್ತಿ ಸುತ್ತು 360 ಡಿಗ್ರಿ, ಅದರಲ್ಲಿ 60 ನಿಮಿಷ, ಅಂದರೆ ನಿಮಿಷಕ್ಕೆ 6 ಡಿಗ್ರಿ. ಕೈ ಸ್ವಲ್ಪ ಆಚೀಚೆ ಆದರೂ ಒಂದು ನಿಮಿಷ ಹೋಗಿಬಿಡುತ್ತದೆ. ಅಳತೆ ಸರಿಯಾಗಿರಲೇಬೇಕಾದ ಕೆಲಸಕ್ಕೆ, ಮಗುವಿಗೆ ಔಷಧಿ ಕೊಡುವ ಹೊತ್ತಿಗೆಲ್ಲ, ಇದನ್ನು ನಂಬಬೇಡಿ.

ಗಡಿಯಾರ ನೋಡಲು ಕಲಿಯುತ್ತಿರುವ ಮಕ್ಕಳಿದ್ದರೆ ಇನ್ನೊಂದು ಗಮನಿಸಿ. ಇದರ ಅಂಕಿಗಳು ಗಡಿಯಾರಕ್ಕೆ ತಿರುಗುಮುರುಗು. 15 ಇರುವುದು ಎಡಗಡೆ, 45 ಬಲಗಡೆ. ಕೆಂಪು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಕರಗಿ ಸೊನ್ನೆಗೆ ಬರಬೇಕಾದರೆ ಅಂಕಿಗಳು ಹಾಗೇ ಇರಬೇಕು. ಆದರೆ ನನ್ನ ಮಗ ಒಂದು ತಿಂಗಳು ಕಾಲು ಗಂಟೆ, ಮುಕ್ಕಾಲು ಗಂಟೆ ಅದಲು ಬದಲು ಹೇಳಿದ. ಪಕ್ಕದಲ್ಲೇ ಒಂದು ಸಾಮಾನ್ಯ ಗೋಡೆ ಗಡಿಯಾರ ಹಾಕಿದ ಮೇಲೆ ಸರಿಹೋಯಿತು. ಗುಂಡಿಯೂ ಅಷ್ಟು ಗಟ್ಟಿಯಿಲ್ಲ. ಪುಟ್ಟಿ ಕೆಂಪನ್ನು ಬೇಗ ಕಳಿಸಲು ಬಲಕ್ಕೆ ಒತ್ತಿ ತಿರುಗಿಸಿ ತಿರುಗಿಸಿ ಅದು ಸಡಿಲವಾಗಿದೆ. ಇನ್ನೂ ಕೆಲಸ ಮಾಡುತ್ತಿದೆ, ಎಷ್ಟು ದಿನವೋ.

ಸದ್ದಿನ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ. ಓಡುವಾಗ ಸ್ವಲ್ಪವೂ ಸದ್ದಿಲ್ಲ. ಹಿಂಬದಿಯ ಸ್ವಿಚ್‌ನಿಂದ ಬೀಪ್ ಕೂಡ ನಿಲ್ಲಿಸಬಹುದು. ಅಮ್ಮ ಮಲಗಿರುವ ದಿನ ಮಕ್ಕಳೇ ನೆನಪಿನಿಂದ ಆ ಸ್ವಿಚ್ ಒತ್ತುತ್ತಾರೆ.

ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಿ. ಅಂಗೈ ಅಗಲದ್ದೂ ಸಿಗುತ್ತದೆ, ಆದರೆ ಕೋಣೆಯ ಇನ್ನೊಂದು ಮೂಲೆಯಿಂದ ಕಾಣದಿದ್ದರೆ ಮಕ್ಕಳು ಎದ್ದೆದ್ದು ಬರುತ್ತಾರೆ. ಸದ್ದು ನಿಲ್ಲಿಸುವ ಸ್ವಿಚ್ ಇದೆಯಾ ನೋಡಿ. ಮುಖದ ಮೇಲೆ ಪಾರದರ್ಶಕ ಮುಚ್ಚಳ ಇರುವುದು ಸಿಕ್ಕರೆ ಒಳ್ಳೆಯದು, ನಮ್ಮದರಲ್ಲಿ ಇಲ್ಲ, ತಟ್ಟೆಯ ಅಂಚು ಒಂದು ಕಡೆ ಮಡಚಿಹೋಗಿದೆ. ಮೂರು ವರ್ಷದೊಳಗಿನ ಮಗು ಮಾತ್ರ ಇರುವ ಮನೆಗೆ ಈಗಲೇ ಬೇಡ ಅನ್ನುತ್ತೇನೆ. ನಮ್ಮ ಪುಟ್ಟಿಗೆ ಎರಡೂವರೆ ವರ್ಷವಿದ್ದಾಗ ಅದು ತಿರುಗಿಸುವ ಆಟದ ಸಾಮಾನಾಗಿತ್ತು ಅಷ್ಟೇ. ಅರ್ಥವಾಗಿದ್ದು ಮೂರು ದಾಟಿದ ಮೇಲೆ.

ನಾವು ಎರಡನೆಯದನ್ನು ತರಿಸುತ್ತಿದ್ದೇವೆ. ಮಗಳ 25 ನಿಮಿಷ ಮತ್ತು ಪುಟ್ಟಿಯ 60 ನಿಮಿಷ ಒಂದೇ ಟೈಮರಿನಲ್ಲಿ ಆಗುವುದಿಲ್ಲ. ಹಳೆಯದು ಪುಟ್ಟಿಗೇ ಇರಲಿ ಎಂದು ಮೂವರೂ ಒಪ್ಪಿದ್ದಾರೆ, ಮರದ ತುಂಡುಗಳ ಸಮೇತ.