ಕಾಸರಗೋಡಿನ ಮದರಂಗಿ ಕೋನ್‌ಗಳು: ಫ್ರೀಜರಿನದ್ದು ಕೊಳ್ಳಿ, ಹತ್ತು ನಿಮಿಷದ್ದು ಬಿಡಿ

ಮದುವೆ ಸೀಸನ್ನು, ಪೆರ್ನಾಳು (ಈದ್) ಹತ್ತಿರ ಬಂದರೆ ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ಮೂರು ಬಗೆಯ ಮದರಂಗಿ ಕೋನ್ ಸಿಗುತ್ತದೆ. ಫ್ಯಾನ್ಸಿ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಮಾರುವ ಕೆಂಪು ಇನ್‌ಸ್ಟಂಟ್ ಕೋನ್ ಒಂದು. ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲೂ ಇರುವ ಕಪ್ಪು ಕೋನ್ ಇನ್ನೊಂದು. ಮನೆಯಲ್ಲೇ ಕಲಸಿ, ವಾಟ್ಸಾಪಿನಲ್ಲಿ ಆರ್ಡರ್ ಹಿಡಿದು ಕೊಡುವ ಫ್ರೀಜರ್ ಕೋನ್ ಮೂರನೆಯದು. ಅದಕ್ಕೆ ಬೆಲೆ ಜಾಸ್ತಿ, ಮುಂಚೆಯೇ ಹೇಳಿಡಬೇಕು, ಕೈ ಕೆಂಪಾಗಲು ಎರಡು ದಿನ ಕಾಯಬೇಕು. ಆದರೂ ಕೈಗೆ ಹಚ್ಚಲು ಯೋಗ್ಯವಾದದ್ದು ಅದೊಂದೇ.

ಮದರಂಗಿಯ ಬಣ್ಣ ಲಾಸೋನ್ ಎಂಬ ಕ್ವಿನೋನ್. ಹೆಚ್ಚಿಟ್ಟ ಜೀಗುಜ್ಜೆ ಕಂದಾಗುವುದೂ ಇದೇ ಕುಲದ ರಾಸಾಯನಿಕಗಳಿಂದ. ಪ್ರೋಟೀನಿನಲ್ಲಿರುವ ಗಂಧಕ, ಸಾರಜನಕ ಕಂಡರೆ ಕ್ವಿನೋನ್ ಸುಮ್ಮನಿರುವುದಿಲ್ಲ, ಹೋಗಿ ಕಚ್ಚಿಕೊಳ್ಳುತ್ತದೆ. ಲಾಸೋನ್ ಹೀಗೆ ಚರ್ಮದ ಸತ್ತ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟುವುದರಿಂದಲೇ ಬಣ್ಣ ತೊಳೆದರೂ ಹೋಗದು. ಎಲೆಯಲ್ಲಿ ಅದು ಸಕ್ಕರೆಗೆ ಜೋಡಿಕೊಂಡಿರುತ್ತದೆ. ನೀರು, ಹುಳಿ ಸೇರಿದಾಗ ಬಿಡಿಸಿಕೊಂಡು, ಗಾಳಿ ತಾಗಿ ಲಾಸೋನ್ ಆಗುತ್ತದೆ. ಚರ್ಮ ಸಿಗದಿದ್ದರೆ ಕಲಸಿದ ಹಿಟ್ಟಿನಲ್ಲೇ ಎರಡು ಮೂರು ದಿನಕ್ಕೆ ಸತ್ವ ಇಳಿಯುತ್ತದೆ. ಹಾಗಿರುವಾಗ ಅಂಗಡಿಯ ಬಿಸಿಲಲ್ಲಿ ನೇತಾಡುವ ಕೋನಿನ ಮೇಲೆ ಎರಡು ವರ್ಷದ ಅವಧಿ ಅಚ್ಚಾಗಿದ್ದರೆ, ಒಳಗಿರುವ ಬಣ್ಣ ಎಲೆಯದ್ದಲ್ಲ.

ಇನ್‌ಸ್ಟಂಟ್ ಕೋನಿನ ಕೆಂಪಿಗೆ ಹಲವು ಸಲ ಸೋಡಿಯಂ ಪಿಕ್ರಮೇಟ್‌ನಂಥ ಸಿದ್ಧ ಬಣ್ಣ ಕಾರಣ. ಕೋನ್ ತುದಿ ಕತ್ತರಿಸಿದಾಗ ಸೀಮೆಎಣ್ಣೆ ವಾಸನೆ ಬಂದರೆ ಅಲ್ಲಿಗೇ ಮುಚ್ಚಿಡಿ. ಹತ್ತಿಯ ಮೇಲೆ ಒಂದು ಚುಕ್ಕೆ ಇಟ್ಟು ನೋಡುವುದೂ ಒಳ್ಳೆಯದು. ನಿಜವಾದ ಮದರಂಗಿ ಹಸಿರುಗಂದು ಬಣ್ಣದ ಹಿಟ್ಟು, ಅಂಚಿನಲ್ಲಿ ನಿಧಾನಕ್ಕೆ ಕಿತ್ತಳೆ ಹರಡುತ್ತದೆ. ಇಟ್ಟ ಕೂಡಲೇ ಕಡುಕೆಂಪು ಹರಿದರೆ ಅದು ಬೇರೆ ಬಣ್ಣ.

ಕಪ್ಪು ಕೋನಿಗೆ ಅಂಕವೇ ಇಲ್ಲ. ಕಪ್ಪು ಕೊಡುವುದು ಕೂದಲ ಡೈಯಲ್ಲಿರುವ ಪಿಪಿಡಿ (ಪ್ಯಾರಾ-ಫೀನಿಲೀನ್‌ಡೈಅಮೀನ್) ಎಂಬ ರಾಸಾಯನಿಕ. ಐರೋಪ್ಯ ಒಕ್ಕೂಟದಲ್ಲಿ ಕೂದಲಿಗೆ ಹಚ್ಚುವಾಗ ಅದರ ಮಿತಿ 2%, ಚರ್ಮದ ಮೇಲೆ ಚಿತ್ರ ಬಿಡಿಸಲು ಅನುಮತಿಯೇ ಇಲ್ಲ. ಕಪ್ಪು ಮದರಂಗಿಯಲ್ಲಿ 10% ಮೀರಿ ಸಿಕ್ಕ ಮಾದರಿಗಳಿವೆ. ಪಿಪಿಡಿ ಗಾಳಿ ತಾಗಿ ಕ್ವಿನೋನ್‌ಡೈಇಮೀನ್ ಆಗುತ್ತದೆ. ಇದು ಲಾಸೋನಿಗಿಂತ ಎಷ್ಟೋ ಚುರುಕು, ಸತ್ತ ಪದರದಲ್ಲಿ ನಿಲ್ಲದೆ ಒಳಗಿನ ಜೀವಂತ ಕೋಶಗಳ ಪ್ರೋಟೀನಿಗೂ ಅಂಟುತ್ತದೆ. ದೇಹ ಆ ಪ್ರೋಟೀನನ್ನು ಪರಕೀಯ ಎಂದುಕೊಂಡು ಕಾದಾಟಕ್ಕೆ ಇಳಿಯುತ್ತದೆ. ಮೊದಲ ಸಲ ಹಚ್ಚಿದವರಿಗೆ ಒಂದೆರಡು ವಾರ ಬಿಟ್ಟು, ಹಿಂದೆ ಹಚ್ಚಿದವರಿಗೆ ಒಂದೆರಡು ದಿನದಲ್ಲೇ, ಬಳ್ಳಿ ಹೂವಿನ ಗೆರೆಯುದ್ದಕ್ಕೂ ಗುಳ್ಳೆ ಏಳಬಹುದು. ಗುಳ್ಳೆ ಮಾಗಿದರೂ ಅಲರ್ಜಿ ಹೋಗುವುದಿಲ್ಲ. ಇಪ್ಪತ್ತು ವರ್ಷ ಕಳೆದು ತಲೆಗೆ ಡೈ ಹಾಕಿದ ದಿನ ಮುಖ ಊದಬಹುದು.

ಇನ್ನು ಫ್ರೀಜರ್ ಕೋನ್. ಮಾಡುವವರನ್ನು ವಿಚಾರಿಸಿಯೇ ಕೊಳ್ಳಿ. 100 ಗ್ರಾಂ ಬಟ್ಟೆಯಲ್ಲಿ ಸೋಸಿದ ಪುಡಿಗೆ 25–30 ಗ್ರಾಂ ಸಕ್ಕರೆ, 30 ಮಿಲಿ ನೀಲಗಿರಿ ಅಥವಾ ಲ್ಯಾವೆಂಡರ್ ಎಣ್ಣೆ, ಸುಮಾರು 250–300 ಮಿಲಿ ಲಿಂಬೆರಸ ಇಲ್ಲವೇ ನೀರು ಹಿಡಿಯುತ್ತದೆ. ಲಿಂಬೆಯ ಹುಳಿ ಬಣ್ಣ ಒಂದೇ ಏಟಿಗೆ ಆಗಿ ಮುಗಿಯದಂತೆ ತಡೆಯುತ್ತದೆ, ಸಕ್ಕರೆ ಗೆರೆ ಒಣಗಿ ಉದುರದಂತೆ ಹಿಡಿಯುತ್ತದೆ. ಕುದಿನೀರು ಸುರಿದರೆ ಕೆಲಸ ಕೆಟ್ಟಿತು. ನಮ್ಮ ಏಪ್ರಿಲ್ ಸೆಕೆಯಲ್ಲಿ ಆರೇಳು ಗಂಟೆ, ಮಳೆಗಾಲದಲ್ಲಿ ರಾತ್ರಿಯಿಡೀ ಮುಚ್ಚಿಡಬೇಕು. ಅಂಗೈಗೆ ಚುಕ್ಕೆ ಇಟ್ಟು ಐದು ನಿಮಿಷದಲ್ಲಿ ಕಿತ್ತಳೆ ಬಂದರೆ ಹದವಾಗಿದೆ. ಆಗಲೇ ಕೋನಿಗೆ ತುಂಬಿ ಫ್ರೀಜರಿಗೆ. ಅಲ್ಲಿ ತಿಂಗಳುಗಟ್ಟಲೆ ಕೆಡದು. ನಮ್ಮೂರಿನ ತೊಂದರೆ ಕರೆಂಟಿನದ್ದು. ಕರಗಿ ಮತ್ತೆ ಗಟ್ಟಿಯಾದ ಕೋನ್ ಹಿಂಡಿದರೆ ನೀರು ಬೇರೆ, ಹಿಟ್ಟು ಬೇರೆ ಬರುತ್ತದೆ, ಬಣ್ಣವೂ ಪೇಲವ. ಅಂಥದ್ದನ್ನು ವಾಪಸು ಕೊಡಿ.

ಹಚ್ಚಿದ ಮೇಲೆ ಆರೆಂಟು ಗಂಟೆ ಬಿಟ್ಟು ಕೆರೆದು ತೆಗೆಯಬೇಕು, ತೊಳೆಯಬಾರದು. ಮೊದಲ ದಿನದ ಕಿತ್ತಳೆ ನೋಡಿ ಮದುಮಗಳ ಕಡೆಯವರು ಕೋನಿನವರಿಗೆ ಬೈಯುವುದುಂಟು. 48 ಗಂಟೆ ತಾಳಿ, ಗಾಳಿ ತಾಗುತ್ತ ಕಡುಗೆಂಪಾಗುತ್ತದೆ. ಹಾಗಾಗಿ ಮದುವೆಗೆ ಎರಡು ದಿನ ಮೊದಲೇ ಹಚ್ಚಿ. ಅಂಗೈಯ ದಪ್ಪ ಚರ್ಮದಷ್ಟು ಬಣ್ಣ ಮುಂಗೈಗೆ ಬಾರದು, ಅದು ಕೋನಿನ ತಪ್ಪಲ್ಲ.

ಶುದ್ಧ ಮದರಂಗಿಯೂ ಎಲ್ಲರಿಗೂ ಸಲ್ಲದು. ಕ್ವಿನೋನ್ ರಕ್ತಕ್ಕೆ ಇಳಿದರೆ ಕೆಂಪು ಕಣಗಳ ಹಿಮೋಗ್ಲೋಬಿನ್ನಿಗೆ ಉತ್ಕರ್ಷಣದ ಏಟು ಬೀಳುತ್ತದೆ. ತಡೆಯಲು ಕಣ ತನ್ನಲ್ಲಿರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವನ್ನು ಖರ್ಚು ಮಾಡುತ್ತದೆ. ಜಿ6ಪಿಡಿ ಕಿಣ್ವ ಕಡಿಮೆ ಇದ್ದವರಲ್ಲಿ ಖರ್ಚಾದದ್ದು ಮತ್ತೆ ತುಂಬದೆ ಕಣಗಳು ಒಡೆಯುತ್ತವೆ. ಹಿಂದೆ ಹಸುಳೆಗಳಿಗೆ ಕೊಡುತ್ತಿದ್ದ ವಿಟಮಿನ್ ಕೆ3 ಕೂಡ ಇಂಥದ್ದೇ ಕ್ವಿನೋನ್. ರಕ್ತ ಒಡೆದು ಕಾಮಾಲೆ ಬರುತ್ತಿದ್ದುದರಿಂದ ಕೈಬಿಟ್ಟು ಈಗ ಕೆ1 ಕೊಡುತ್ತಾರೆ. ಈ ಕಿಣ್ವ ಕಡಿಮೆ ಇದ್ದವರಿಗೆ ಮಲೇರಿಯಾದ ಪ್ರೈಮಾಕ್ವಿನ್ ಮಾತ್ರೆಯೂ ಆಗದು, ಹಾಗಾಗಿ ಅದು ಬೇಡವೆಂದು ಡಾಕ್ಟರು ಹೇಳಿದ್ದ ಮನೆಗಳಲ್ಲಿ ಮಕ್ಕಳಿಗೆ ಮದರಂಗಿ ಹಚ್ಚುವ ಮೊದಲು ಜಿ6ಪಿಡಿ ರಕ್ತ ಪರೀಕ್ಷೆ ಆಗಲಿ. ಹಾಲು ಕುಡಿಯುವ ಕೂಸಿನ ಅಂಗಾಲಿಗಂತೂ ಬೇಡವೇ ಬೇಡ. ಹಚ್ಚಿದ ಒಂದೆರಡು ದಿನದಲ್ಲಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೋನಿನ ಖಾಲಿ ಕವರನ್ನೂ ಜೊತೆಗೆ ಒಯ್ಯಿರಿ.